ಮಾಂಡವ್ಯ ಎಳೆದ ಗೆರೆ

ಮೊಮ್ಮಗಳ ಹೊಟ್ಟೆಗೆ ಹರಳೆಣ್ಣೆ ಹಚ್ಚಿ ನೀವಿದವನು ನಾನೇ. 3 ವರ್ಷದ ಕೂಸು, ಬಲಗಡೆ ಹೊಟ್ಟೆ ಉಬ್ಬಿತ್ತು. ಜಂತುಹುಳ ಅಂದುಕೊಂಡೆವು. ದೃಷ್ಟಿ ತೆಗೆದೆವು. ಕೊನೆಗೆ ಸ್ನಾನ ಮಾಡಿಸುವಾಗ ಸೊಸೆಯ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಂಚಕ್ಕೆ ಅಂಟಿಸಿದ್ದ ಚೀಟಿ ಓದಿ ನನ್ನ ಕೈ ತಣ್ಣಗಾಯಿತು: ಹೊಟ್ಟೆ ಒತ್ತಬಾರದು. ಒತ್ತಿದರೆ ಗಡ್ಡೆ ಒಡೆಯಬಹುದಂತೆ.

ಅದು ವಿಲ್ಮ್ಸ್ ಗಡ್ಡೆ. 1899ರಲ್ಲಿ ಇದರ ಮೇಲೆ ಗ್ರಂಥ ಬರೆದ ಜರ್ಮನ್ ವೈದ್ಯನ ಹೆಸರು ಅಂಟಿಕೊಂಡಿದೆ. ಮಕ್ಕಳ ಮೂತ್ರಪಿಂಡಕ್ಕೆ ಬರುವ ಕ್ಯಾನ್ಸರಿನಲ್ಲಿ ಹೆಚ್ಚಿನದು ಇದೇ. ನಮ್ಮ ಕೂಸಿಗೆ ಇನ್ನೊಂದು ತೊಡಕು. ಗಡ್ಡೆ ಮೂತ್ರಪಿಂಡದ ರಕ್ತನಾಳದೊಳಗೆ ನುಗ್ಗಿ, ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆ ಹಿಡಿದು ಮೇಲೇರಿತ್ತು. ಈ ಕಾಯಿಲೆಯ 100 ಮಕ್ಕಳಲ್ಲಿ 4ರಿಂದ 10 ಮಕ್ಕಳಿಗೆ ಹೀಗಾಗುತ್ತದೆ. ಎಕೋ ಪರದೆಯಲ್ಲಿ ಡಾಕ್ಟರು ತೋರಿಸಿದರು: ಹೃದಯದ ಬಾಗಿಲಲ್ಲಿ ಬೂದು ಬಣ್ಣದ ಒಂದು ನಾಲಿಗೆ, ಬಡಿತಕ್ಕೆ ಸರಿಯಾಗಿ ಅಲುಗುತ್ತಿತ್ತು.

'ಪೂರ್ವಜನ್ಮದ ಕರ್ಮ ಭಟ್ಟರೇ, ಏನ್ ಮಾಡೋಕಾಗುತ್ತೆ?' ಎಂದರು ನೋಡಲು ಬಂದ ನೆಂಟರೊಬ್ಬರು. ಸೊಸೆ ಎದ್ದು ಹೊರಗೆ ಹೋದಳು. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. 40 ವರ್ಷ ಗರ್ಭಗುಡಿಯ ಹೊಸ್ತಿಲಲ್ಲಿ ನಿಂತು ನಾನು ಹಂಚಿದ್ದೂ ಅದೇ ಮಾತು. ಮಗು ಕಳೆದುಕೊಂಡವರ ಅಂಗೈಗೆ ತೀರ್ಥ ಹಾಕಿ 'ಪ್ರಾರಬ್ಧ' ಅಂದರೆ ಮುಗಿಯಿತು, ಮುಂದಿನವರು ಕೈ ಚಾಚುತ್ತಿದ್ದರು.

ಗರ್ಭದಲ್ಲಿ ಮೂತ್ರಪಿಂಡ ರೂಪುಗೊಳ್ಳುವಾಗ ಬಲಿಯದೆ ಉಳಿದ ಜೀವಕೋಶಗಳಿಂದ ಈ ಗಡ್ಡೆ ಹುಟ್ಟುತ್ತದೆ ಎಂದರು ಡಾಕ್ಟರು. ಅಂದರೆ ಹುಟ್ಟುವ ಮೊದಲೇ! ನನ್ನ ಶಾಸ್ತ್ರ ಒಳಗೊಳಗೇ ಹಿಗ್ಗಿತು, ಅದನ್ನು ಮುಚ್ಚಿಡಲಾರೆ. ಆ ರಾತ್ರಿ ಹೊರಗಿನ ಬೆಂಚಿನ ಮೇಲೆ ಮಲಗಿ ತಪ್ಪುಗಳನ್ನು ಎಣಿಸಿದೆ: ತಪ್ಪಿಸಿದ ಶ್ರಾದ್ಧ, ಆಡಿದ ಸುಳ್ಳು, ಆ ಹರಳೆಣ್ಣೆ. ಎಣಿಸಿದಷ್ಟೂ ಮನಸ್ಸು ಹಗುರಾಗುತ್ತಿತ್ತು. ಕಾರಣವೇ ಇಲ್ಲದ ಸಂಕಟಕ್ಕಿಂತ ಅಪರಾಧಿಯಾಗಿರುವುದು ಸುಲಭ ಎಂದು ಗೊತ್ತಾದಾಗ ಹೆದರಿಕೆಯಾಯಿತು. ಇಷ್ಟು ಹಿತವಾದ ಸಿದ್ಧಾಂತವನ್ನು ನಂಬುವುದು ಹೇಗೆ?

ಆದಿಪರ್ವದ ಮಾಂಡವ್ಯನ ಕಥೆ ಎಷ್ಟು ಸಲ ಓದಿ ಹೇಳಿದ್ದೇನೋ. ಮಾಡದ ಕಳ್ಳತನಕ್ಕೆ ಶೂಲಕ್ಕೇರಿದ ಋಷಿ ಧರ್ಮನ ಬಳಿ ಹೋಗಿ ಕಾರಣ ಕೇಳುತ್ತಾನೆ. ಬಾಲ್ಯದಲ್ಲಿ ನೀನು ಹುಳಗಳ ಹಿಂಬದಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದಕ್ಕೆ ಎನ್ನುತ್ತಾನೆ ಧರ್ಮ. ಮಾಂಡವ್ಯ ಕೆರಳಿ ಅವನನ್ನೇ ಶಪಿಸುತ್ತಾನೆ. 14 ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಗೆರೆ ಎಳೆಯುತ್ತಾನೆ. ಲೆಕ್ಕ ಬರೆಯುವವನೇ ವಿದುರನಾಗಿ ಹುಟ್ಟಿ ದಂಡ ತೆತ್ತ. ಇಷ್ಟಾದ ಮೇಲೂ ಹಿಂದಿನ ಜನ್ಮದ ಬಾಕಿಯನ್ನು 3 ವರ್ಷದ ಕೂಸಿನಿಂದ ವಸೂಲಿ ಮಾಡಬಹುದಾದರೆ ಆ ಗೆರೆ ಯಾರಿಗಾಗಿ ಎಳೆದದ್ದು? ಕರ್ಮದ ಮಾತನ್ನು ನನ್ನ ಬಗ್ಗೆ ನಾನು ಆಡಿಕೊಳ್ಳಬಹುದು. ಇನ್ನೊಬ್ಬರ ಮಗುವಿನ ಮಂಚದ ಬಳಿ ಆಡುವ ಅಧಿಕಾರ ನನಗಿಲ್ಲ.

ಗಡ್ಡೆಯನ್ನು ಡಾಕ್ಟರು ಕೂಡಲೇ ಕೊಯ್ಯಲಿಲ್ಲ. ಚೂರು ಕಳಚಿ ಶ್ವಾಸಕೋಶಕ್ಕೆ ಹೋದರೆ ಕಷ್ಟ ಎಂದು ಮೊದಲು ಕೀಮೋ ಕೊಟ್ಟರು. ವಿನ್‌ಕ್ರಿಸ್ಟಿನ್, ಆಕ್ಟಿನೊಮೈಸಿನ್, ಕೆಂಪು ಬಣ್ಣದ ಡಾಕ್ಸೊರುಬಿಸಿನ್. ವಿನ್‌ಕ್ರಿಸ್ಟಿನ್ ಸಿಗುವುದು ಕಾಶಿಕಣಗಿಲೆಯಿಂದ. ನಮ್ಮ ದೇವಸ್ಥಾನದ ಬಾವಿಕಟ್ಟೆಯ ಸುತ್ತ ಅದೇ ಗಿಡ. ದಿನವೂ ಅದರ ಹೂ ಕೊಯ್ದು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದೆ. ಹೃದಯದ ಬಾಗಿಲಲ್ಲಿದ್ದ ಆ ಗಡ್ಡೆಯ ನಾಲಿಗೆ ಕುಗ್ಗಿ ಯಕೃತ್ತಿನ ಕೆಳಗಿಳಿಯಿತು. ಹೃದಯ ನಿಲ್ಲಿಸಿ ಯಂತ್ರಕ್ಕೆ ಹಾಕುವ ಪ್ರಸಂಗ ತಪ್ಪಿತು. ಮೂತ್ರಪಿಂಡ ತೆಗೆದು, ಮಹಾಸಿರೆ ಸೀಳಿ, ಒಳಗಿನದನ್ನು ಎಳೆದು, ಮತ್ತೆ ಹೊಲಿದರು.

ಪಕ್ಕದ ಮಂಚದ ಹುಡುಗ ಉಳಿಯಲಿಲ್ಲ. ಅವನ ತಾಯಿ ಕಟ್ಟದ ಹರಕೆ ಇರಲಿಲ್ಲ.

ಊರಿಗೆ ಬಂದ ಮೇಲೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಸಂಕಲ್ಪ ಹೇಳುವಾಗ ದೇವರ ಕೃಪೆ ಎಂಬಲ್ಲಿಗೆ ಬಂದು ನಿಂತೆ. ಕೃಪೆ ನಮ್ಮ ಮಂಚಕ್ಕೆ ಬಂದದ್ದಾದರೆ ಆ ಮಂಚವನ್ನು ಹೇಗೆ ದಾಟಿತು? ಮಗ ತಲೆಯೆತ್ತಿ ನೋಡಿದ. ಅಷ್ಟರಲ್ಲಿ ಬೋಳುತಲೆಯ ಮೊಮ್ಮಗಳು ನೈವೇದ್ಯದ ಬಾಳೆಹಣ್ಣು ಸುಲಿದು ಬಾಯಿಗಿಟ್ಟಿದ್ದಳು. ಯಾರೂ ತಡೆಯಲಿಲ್ಲ. ನಾನು ಮಂತ್ರ ಮುಂದುವರಿಸಿದೆ.