ಪಂಜರದೊಳಗಿನ ನೋಟ

ಹಿಂದೊಮ್ಮೆ ನಡೆದ ಅಪಮಾನವನ್ನು ಜನರಿಗೆ ಮನಗಾಣಿಸಲು ಅದನ್ನೇ ಮರಳಿ ಕಣ್ಣೆದುರು ನಿಲ್ಲಿಸುವುದು ಯುಕ್ತವೇ? ನಮ್ಮ ಕಾಲದ ಕೆಲವು ಕಲಾವಿದರ ಕೃತಿಗಳಿಂದ ಎದ್ದ ಈ ಪ್ರಶ್ನೆ ವಿಚಾರಾರ್ಹವಾದುದು.

ವಸಾಹತುಶಾಹಿಯ ದಿನಗಳಲ್ಲಿ ಐರೋಪ್ಯರು ಪರದೇಶದ ಮನುಷ್ಯರನ್ನು ಪ್ರದರ್ಶನದ ವಸ್ತುವಾಗಿಸಿದ್ದುಂಟು. ದಕ್ಷಿಣ ಆಫ್ರಿಕೆಯ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು 1810ರಲ್ಲಿ ಲಂಡನ್ನಿಗೆ ಕರೆತಂದು ಹಣ ತೆತ್ತವರಿಗೆ ತೋರಿಸಿದರು. 1815ರಲ್ಲಿ ಪ್ಯಾರಿಸ್ಸಿನಲ್ಲಿ ಮಡಿದ ಮೇಲೂ ಆಕೆಗೆ ಬಿಡುಗಡೆಯಿರಲಿಲ್ಲ. ಆಕೆಯ ಅಸ್ಥಿಪಂಜರ 1970ರ ದಶಕದವರೆಗೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿತ್ತು. ತಾಯ್ನಾಡಿನ ಮಣ್ಣು ದೊರೆತದ್ದು 2002ರಲ್ಲಿ. 1897ರಲ್ಲಿ ಬೆಲ್ಜಿಯಂ ದೇಶದ ಟೆರ್ವುರೆನ್‌ನಲ್ಲಿ ಕಾಂಗೋದ 267 ಜನರನ್ನು ಹೀಗೆಯೇ ಪ್ರದರ್ಶಿಸಲಾಯಿತು. ಏಳು ಮಂದಿ ಅಲ್ಲಿಯೇ ಅಸುನೀಗಿದರು. ನೋಡಲು ನೆರೆದವರೆಲ್ಲ ದುರುಳರೇ? ಅಲ್ಲ, ರಜೆಯ ದಿನ ವಿನೋದಕ್ಕೆಂದು ಬಂದ ಸಾಮಾನ್ಯ ನಾಗರಿಕರು. ಕಳವಳವನ್ನುಂಟುಮಾಡುವುದು ಇದೇ.

ಈ ಇತಿಹಾಸವನ್ನೇ ದಕ್ಷಿಣ ಆಫ್ರಿಕೆಯ ಬಿಳಿಯ ರಂಗನಿರ್ದೇಶಕ ಬ್ರೆಟ್ ಬೈಲಿ 'ಎಕ್ಸಿಬಿಟ್ ಬಿ' ಎಂಬ ಕೃತಿಯಾಗಿಸಿದರು. ಅದರಲ್ಲಿ ಕಪ್ಪುವರ್ಣದ ಕಲಾವಿದರು ಮಾತಿಲ್ಲದೆ, ಅಲುಗದೆ ನಿಂತಿರುತ್ತಾರೆ; ಅವರ ಕಣ್ಣುಗಳು ಮಾತ್ರ ನೋಡಬಂದವನನ್ನೇ ದಿಟ್ಟಿಸುತ್ತವೆ. ನೋಡುವವನು ಅಲ್ಲಿ ನೋಟಕ್ಕೆ ಗುರಿಯಾಗುತ್ತಾನೆ. 2014ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಪ್ರದರ್ಶನವು ಪ್ರತಿಭಟನೆಯಿಂದಾಗಿ ಮೊದಲ ದಿನವೇ ರದ್ದಾಯಿತು.

ಪ್ರತಿಭಟಿಸಿದವರ ನೋವು ಹುಸಿಯಲ್ಲ. ನೊಂದವರಿಗೆ ನೋವನ್ನು ನೆನಪಿಸಬೇಕಾಗಿಲ್ಲ. ನೆನಪು ಬೇಕಾದದ್ದು ನೋಯಿಸಿದವರ ಮಕ್ಕಳಿಗೆ. ಆ ಮಕ್ಕಳ ಚಿತ್ತಶುದ್ಧಿಗಾಗಿ ನೊಂದವರೇ ಮತ್ತೆ ಸಂಕೋಲೆ ತೊಟ್ಟು ನಿಲ್ಲಬೇಕೆ? ಕಣ್ಣೊರೆಸಿಕೊಂಡು ಹೊರಬರುವ ಪ್ರೇಕ್ಷಕ ಹಗುರಾಗಬಹುದು, ನಿಂತವರ ಭಾರ ನಿಂತವರಿಗೇ ಉಳಿಯಿತು. ಆದರೆ ನಾವು ಸ್ವಇಚ್ಛೆಯಿಂದ ನಿಂತಿದ್ದೇವೆ ಎಂದು ಆ ಕಲಾವಿದರೇ ಸಾರಿದ್ದರಲ್ಲ! ಅವರ ಪರವಾಗಿ ಬಾಗಿಲು ಮುಚ್ಚಿಸಿದವರು ಅವರ ಮಾತನ್ನೇ ಕೇಳಲಿಲ್ಲ. ಇದೂ ಒಂದು ಬಗೆಯ ಅನಾದರವೇ. ಮುಚ್ಚಿಸಿದ್ದು ಸರಿಯೆಂದು ನಮಗೆ ತೋರುವುದಿಲ್ಲ. ಆದರೂ ಪಂಜರವನ್ನು ಕಲ್ಪಿಸಿದವನು ತಾನು ಹೊರಗುಳಿದು ಪರರನ್ನು ಒಳಗಿರಿಸಿದ್ದು ಕೃತಿಯ ನೈತಿಕ ಬಲವನ್ನು ಕುಂದಿಸಿತೆಂಬುದು ನಿಜ.

1992ರಲ್ಲಿ, ಕೊಲಂಬಸ್ಸನ ಯಾನಕ್ಕೆ ಐನೂರು ವರ್ಷ ತುಂಬಿದಾಗ, ಕೊಕೊ ಫುಸ್ಕೊ ಮತ್ತು ಗಿಯೆರ್ಮೊ ಗೋಮೆಜ್ ಪೆನ್ಯಾ ಎಂಬ ಕಲಾವಿದರು ಹೊರಗುಳಿಯಲಿಲ್ಲ. ಯಾರೂ ಕಂಡರಿಯದ ದ್ವೀಪವೊಂದರ ನಿವಾಸಿಗಳೆಂದು ಹೇಳಿಸಿಕೊಂಡು, ಮ್ಯಾಡ್ರಿಡ್ಡಿನ ಕೊಲಂಬಸ್ ಚೌಕದಲ್ಲಿ ತಾವೇ ಪಂಜರ ಹೊಕ್ಕರು. ವಿಡಂಬನೆ ಎಲ್ಲರಿಗೂ ತಿಳಿದೀತೆಂದೇ ಅವರ ಎಣಿಕೆಯಾಗಿತ್ತು. ಆದರೆ ಅನೇಕರು ನಂಬಿಬಿಟ್ಟರು. ಕಾಸು ಕೊಟ್ಟು, ಪಂಜರಕ್ಕೆ ಒರಗಿ ನಿಂತು, ಭಾವಚಿತ್ರ ತೆಗೆಸಿಕೊಂಡರು.