ಕಲಿಯುವ ಕೈ ಮತ್ತು ರೋಗಿಯ ದೇಹ

ಶಸ್ತ್ರವೈದ್ಯನಾಗಬೇಕಾದವನು ಎಂದಾದರೊಂದು ದಿನ ತನ್ನ ಮೊದಲ ಶಸ್ತ್ರಚಿಕಿತ್ಸೆಯನ್ನು ಮಾಡಲೇಬೇಕು. ಅಂದು ಮೇಜಿನ ಮೇಲೆ ಮಲಗಿರುವವನು ಜೀವಂತ ಮನುಷ್ಯ. ಪಳಗಿದ ಕೈ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಹೊಸ ಕೈ ಅದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಕಲಿಕೆಯ ಲಾಭ ಮುಂದೆ ಬರಲಿರುವ ಅಸಂಖ್ಯ ರೋಗಿಗಳಿಗೆ. ಅದರ ಅಪಾಯ ಮಾತ್ರ ಇಂದಿನ ಈ ಒಬ್ಬನಿಗೆ. ಒಬ್ಬನ ದೇಹವು ಮತ್ತೊಬ್ಬನ ವಿದ್ಯೆಗೆ ಸಾಧನವಾಗುವುದು ಯಾವ ನಿಬಂಧನೆಯ ಮೇಲೆ ನ್ಯಾಯವಾದೀತು?

ಪ್ರಶ್ನೆ ಹೊಸದಲ್ಲ. ಶಿಷ್ಯನು ಕುಂಬಳ, ಸೋರೆ, ಸೌತೆಗಳಂತಹ ಕಾಯಿಗಳನ್ನು ಕೊಯ್ದು ಅಭ್ಯಾಸ ಮಾಡಬೇಕೆಂದು ಸುಶ್ರುತಸಂಹಿತೆಯು ವಿಧಿಸಿದೆ. ಎಷ್ಟೇ ಶಾಸ್ತ್ರ ಓದಿದ್ದರೂ ಈ ಅಭ್ಯಾಸವಿಲ್ಲದವನು ಕರ್ಮಕ್ಕೆ ಅಯೋಗ್ಯನೆಂಬುದು ಅದರ ನಿರ್ಣಯ. ಇಂದು ದೂರದರ್ಶಕ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಪೆಟ್ಟಿಗೆಯೊಳಗೆ ಆಡಿಸಿ ಕೈ ಪಳಗಿಸುವುದೂ ಅದೇ ವಿವೇಕದ ಫಲ. ಆದರೆ ಕುಂಬಳಕಾಯಿಯಿಂದ ನೆತ್ತರು ಚಿಮ್ಮುವುದಿಲ್ಲ. ಅದಕ್ಕೆ ನೋವಿಲ್ಲ, ಕಾಯುತ್ತ ಕುಳಿತ ಬಂಧುಗಳಿಲ್ಲ. ಕಡೆಗೂ ಮನುಷ್ಯನ ದೇಹಕ್ಕೆ ಬರಲೇಬೇಕು.

ಆಧುನಿಕ ಕಾಲದಲ್ಲಿ ಈ ತರಬೇತಿಗೆ ಒಂದು ಕ್ರಮವನ್ನು ತಂದವನು ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ಹಾಲ್‌ಸ್ಟೆಡ್. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆದ ಬಳಿಕ, ಶಿಷ್ಯರು ಆಸ್ಪತ್ರೆಯಲ್ಲೇ ನೆಲೆಸಿ ಹಂತಹಂತವಾಗಿ ಹೆಚ್ಚಿನ ಹೊಣೆ ಹೊರುವ ಪದ್ಧತಿಯನ್ನು ಅವನು ಬೆಳೆಸಿದನು. ‘ರೆಸಿಡೆಂಟ್’ ಎಂಬ ಹೆಸರಿನಲ್ಲಿ ಆ ವಾಸದ ನೆನಪು ಇಂದಿಗೂ ಉಳಿದಿದೆ. ಈಗ ಅಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿಗೆ ಐದು ವರ್ಷ. ಅಷ್ಟರೊಳಗೆ ಕನಿಷ್ಠ 850 ಶಸ್ತ್ರಚಿಕಿತ್ಸೆಗಳು. ಭಾರತದಲ್ಲಿ ಎಂ.ಎಸ್. ಪದವಿಗೆ ಮೂರು ವರ್ಷ.

ಈ ಪದ್ಧತಿಯ ಗುಣ ಅದರ ಕ್ರಮದಲ್ಲಿದೆ. ಮೊದಲು ನೋಡುವುದು, ಅನಂತರ ಹಿಡಿದು ನೆರವಾಗುವುದು, ಬಳಿಕ ಹಿರಿಯನ ಕಣ್ಣೆದುರು ಮಾಡುವುದು, ಕಡೆಗೆ ತಾನೇ ನಿರ್ಧರಿಸುವುದು. ಅದರ ದೋಷವೂ ಅಷ್ಟೇ ಹಳೆಯದು: ದಣಿವನ್ನು ನಿಷ್ಠೆಯ ಅಳತೆಗೋಲಾಗಿ ಮಾಡಿದ್ದು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದ ತರುಣಿ ತೀರಿಕೊಂಡಳು. ಆಕೆಯನ್ನು ನೋಡಿಕೊಂಡವರು ಶಸ್ತ್ರಚಿಕಿತ್ಸಾ ವಿಭಾಗದವರಲ್ಲ. ಆದರೂ ಎಳೆಯ ವೈದ್ಯರ ದೀರ್ಘ ದುಡಿಮೆ ಮತ್ತು ಹಿರಿಯರ ಗೈರುಹಾಜರಿ ಎರಡೂ ಅಂದು ಚರ್ಚೆಗೆ ಬಂದವು. 1989ರಲ್ಲಿ ಆ ರಾಜ್ಯವು, 2003ರಲ್ಲಿ ಇಡೀ ದೇಶದ ತರಬೇತಿ ಮಂಡಲಿಯು, ವಾರಕ್ಕೆ 80 ಗಂಟೆಗಳ ಮಿತಿಯನ್ನು ವಿಧಿಸಿದವು.

ಗಂಟೆಗಳ ಎಣಿಕೆಯಿಂದಲೇ ನೀತಿ ಸಿದ್ಧಿಸುವುದೇ? 2014-15ರಲ್ಲಿ ಅಲ್ಲಿನ 117 ಶಸ್ತ್ರಚಿಕಿತ್ಸಾ ತರಬೇತಿ ಕೇಂದ್ರಗಳಲ್ಲಿ ಒಂದು ಪರೀಕ್ಷೆ ನಡೆಯಿತು. ವಾರದ ಮಿತಿಯನ್ನು ಎಲ್ಲರಿಗೂ ಉಳಿಸಿ, ಒಂದು ಪಾಳಿ ಎಷ್ಟು ದೀರ್ಘವಾಗಬಹುದೆಂಬ ನಿಯಮವನ್ನು ಕೆಲವು ಕೇಂದ್ರಗಳಿಗೆ ಮಾತ್ರ ಸಡಿಲಿಸಲಾಯಿತು. ರೋಗಿಗಳ ಸಾವು ಮತ್ತು ಗಂಭೀರ ತೊಡಕುಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ. ಇದರಿಂದ ದಣಿವು ನಿರಪಾಯಕಾರಿ ಎಂದು ತಿಳಿಯಬಾರದು. ಪಾಳಿ ಬದಲಾಗುವಾಗ ರೋಗಿಯ ವಿವರ ಒಬ್ಬರಿಂದ ಒಬ್ಬರಿಗೆ ದಾಟುವಲ್ಲಿಯೂ ಅಪಾಯವುಂಟು. ಗಡಿಯಾರ ಅವಶ್ಯಕ, ಆದರೆ ಅದೊಂದೇ ಸಾಲದು.

ನಿಜವಾದ ಪರೀಕ್ಷೆ ನಡುರಾತ್ರಿಯಲ್ಲಿದೆ. ಹೊಟ್ಟೆನೋವಿನ ರೋಗಿ ಬಂದಿದ್ದಾನೆ. ಕಿರಿಯ ವೈದ್ಯನಿಗೆ ಸಂದೇಹವಿದೆ. ಹಿರಿಯರು ಮನೆಯಲ್ಲಿ ನಿದ್ರಿಸುತ್ತಿದ್ದಾರೆ. ಎಬ್ಬಿಸಿದರೆ ತನ್ನ ಅಜ್ಞಾನ ಬಯಲಾದೀತು, ಬೈಗುಳವೂ ಬಂದೀತು. ಎಬ್ಬಿಸದಿದ್ದರೆ ಆ ಸಂಕೋಚದ ಬೆಲೆಯನ್ನು ತೆರುವವನು ರೋಗಿ. ಇಲ್ಲಿ ಕೈಯ ಕೌಶಲಕ್ಕಿಂತ ‘ನನಗೆ ತಿಳಿಯದು’ ಎಂದು ಹೇಳುವ ಸತ್ಯನಿಷ್ಠೆ ದೊಡ್ಡದು. ಆದರೆ ಈ ಸತ್ಯನಿಷ್ಠೆ ಶಿಷ್ಯನೊಬ್ಬನ ಹೊಣೆಯಲ್ಲ. ಕರೆ ಬಂದಾಗ ಗದರಿಸುವ ಗುರು, ಮುಂದಿನ ರಾತ್ರಿ ಬರಬೇಕಾದ ಕರೆಯನ್ನು ಇಂದೇ ತಡೆಯುತ್ತಾನೆ. ಅಂದಿನ ಹಾನಿಯಲ್ಲಿ, ತಾನು ಸ್ಥಳದಲ್ಲಿಲ್ಲದಿದ್ದರೂ, ಅವನಿಗೆ ಪಾಲುಂಟು.

ಇನ್ನೊಂದು ಅನ್ಯಾಯವನ್ನು ಸಮಾಜ ಅಷ್ಟಾಗಿ ಗಮನಿಸುವುದಿಲ್ಲ. ಹಣವುಳ್ಳವನು ತನ್ನ ಶಸ್ತ್ರವೈದ್ಯನನ್ನು ಹೆಸರು ಹೇಳಿ ಆರಿಸಿಕೊಳ್ಳುತ್ತಾನೆ. ಸರ್ಕಾರಿ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿರುವ ಬಡವನಿಗೆ ಆ ಆಯ್ಕೆಯಿಲ್ಲ. ಅವನ ದೇಹದ ಮೇಲೆ ಪಳಗಿದ ಕೈಯೇ ಮುಂದೆ ಖಾಸಗಿ ಆಸ್ಪತ್ರೆಯಲ್ಲಿ ಧನಿಕನನ್ನು ಗುಣಪಡಿಸುವುದುಂಟು. ಎಲ್ಲರಿಗೂ ಬೇಕಾದ ವಿದ್ಯೆಯ ಸಾಲವನ್ನು ಬಡವನೊಬ್ಬನೇ ತೀರಿಸುತ್ತಿದ್ದಾನೆ. ‘ಚಿಕಿತ್ಸೆ ಉಚಿತವಲ್ಲವೇ’ ಎಂಬ ಸಮಾಧಾನ ಸಲ್ಲದು. ಉಚಿತವಾಗಿ ಪಡೆದವನೆಂಬ ಕಾರಣಕ್ಕೆ ಅವನ ಒಪ್ಪಿಗೆ ಅಗ್ಗವಾಗದು.

ಆದುದರಿಂದ ಕಲಿಕೆಯನ್ನು ನಿಲ್ಲಿಸಬೇಕೆಂದಲ್ಲ. ನಿಲ್ಲಿಸಿದರೆ ಮುಂದಿನ ಪೀಳಿಗೆಗೆ ಶಸ್ತ್ರವೈದ್ಯರೇ ಇರಲಾರರು. ಆದರೆ ಮೂರು ನಿಬಂಧನೆಗಳು ಬಿಡತಕ್ಕವಲ್ಲ. ಕೊಯ್ಯುವವರು ಯಾರು, ಪಕ್ಕದಲ್ಲಿ ನಿಲ್ಲುವವರು ಯಾರು ಎಂಬುದನ್ನು ರೋಗಿಗೆ ಅವನ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಶಿಷ್ಯನ ಕೈ ತಡವರಿಸಿದೊಡನೆ ಹಿಡಿಯುವಷ್ಟು ಹತ್ತಿರದಲ್ಲಿ ಗುರು ಇರಬೇಕು. ಕಲಿತವನು ತಾನು ಯಾರ ದೇಹದಿಂದ ಕಲಿತೆನೋ ಅಂಥವರ ಸೇವೆಗೆ ತನ್ನ ಆಯುಷ್ಯದ ಒಂದು ಪಾಲನ್ನಾದರೂ ಮೀಸಲಿಡಬೇಕು. ಗುರುದಕ್ಷಿಣೆಯನ್ನು ಗುರುವಿಗೆ ಮಾತ್ರ ಸಲ್ಲಿಸಿದರೆ ಸಾಲದು. ಶಸ್ತ್ರವೈದ್ಯನ ಮೊದಲ ಗುರು ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದನು.