ಲಾಭ ತಂದ ಪ್ರಾಯಶ್ಚಿತ್ತ

ಕಚೇರಿಗಳ ನೆಲಕ್ಕೆ ಹಾಸುವ ಚೌಕಾಕಾರದ ಕಾರ್ಪೆಟ್ ತಯಾರಿಸಲು ರೇ ಆ್ಯಂಡರ್ಸನ್ 1973ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಇಂಟರ್‌ಫೇಸ್ ಕಂಪನಿಯನ್ನು ಕಟ್ಟಿದರು. ಮೇಲೆ ನೈಲಾನ್ ನೂಲು, ಕೆಳಗೆ ಪ್ಲಾಸ್ಟಿಕ್ ಪದರ. ಕಚ್ಚಾವಸ್ತು ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು. ಸವೆದ ಕಾರ್ಪೆಟ್ ಕಿತ್ತು ಕಸದ ಗುಂಡಿಗೆ ಹಾಕುವುದು ವಾಡಿಕೆಯಾಗಿತ್ತು. 1994ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಪಾಲ್ ಹಾಕೆನ್ ಅವರ ‘ದಿ ಇಕಾಲಜಿ ಆಫ್ ಕಾಮರ್ಸ್’ ಓದಿದ ಆ್ಯಂಡರ್ಸನ್‌ಗೆ ಎದೆಗೆ ಈಟಿ ನಾಟಿದಂತಾಯಿತಂತೆ. ಮುಂದೆ ಅವರು ತಮ್ಮನ್ನು ಭೂಮಿಯ ಲೂಟಿಕೋರನೆಂದು ಸಾರ್ವಜನಿಕವಾಗಿಯೇ ಕರೆದುಕೊಂಡರು.

ಧರ್ಮಗಳು ಇದನ್ನು ತಪ್ಪೊಪ್ಪಿಗೆ ಎನ್ನುತ್ತವೆ. ಮಾಡಿದ ಪಾಪವನ್ನು ಬಾಯಿಬಿಟ್ಟು ಹೇಳುವುದನ್ನೂ ಪಶ್ಚಾತ್ತಾಪವನ್ನೂ ಮನುಸ್ಮೃತಿ ಪಾಪ ಕಳೆಯುವ ದಾರಿಗಳಲ್ಲಿ ಎಣಿಸುತ್ತದೆ. ಬೈಬಲಿನ ಸುಂಕದವನಾದ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಮರಳಿಸುತ್ತೇನೆ ಎನ್ನುತ್ತಾನೆ. ಆದರೆ ಅವನು ಮನುಷ್ಯ. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಕಂಪನಿಗೆ ಪ್ರಾಯಶ್ಚಿತ್ತ ಎಂಬುದುಂಟೇ?

ತೊಡಕು ಇನ್ನೊಂದಿದೆ. ಜಕ್ಕಾಯ ಕಳೆದುಕೊಂಡ, ಇಂಟರ್‌ಫೇಸ್ ಗಳಿಸಿತು. ಕಾರ್ಖಾನೆಯ ತ್ಯಾಜ್ಯವನ್ನು ಸೊನ್ನೆಗಿಳಿಸುವ ಪ್ರಯತ್ನದಿಂದ ಸುಮಾರು 40 ಕೋಟಿ ಡಾಲರ್ ಉಳಿದಿದೆ ಎಂದು ಆ್ಯಂಡರ್ಸನ್ 2009ರಲ್ಲಿ ಹೇಳಿದರು. ನಷ್ಟವೇ ಆಗದಿದ್ದರೆ ಅದು ಪ್ರಾಯಶ್ಚಿತ್ತವೋ, ಜಾಣ ವ್ಯಾಪಾರವೋ?

ಹನ್ನೆರಡನೆಯ ಶತಮಾನದ ಯೆಹೂದಿ ಚಿಂತಕ ಮೈಮೊನಿಡೀಸ್ ಕೊಟ್ಟ ಒರೆಗಲ್ಲು ಇಲ್ಲಿ ಹೆಚ್ಚು ಉಪಯುಕ್ತ. ಅದೇ ತಪ್ಪು ಮಾಡುವ ಅವಕಾಶ, ಶಕ್ತಿ ಎರಡೂ ಇದ್ದು ಮಾಡದಿರುವುದೇ ನಿಜವಾದ ಪಶ್ಚಾತ್ತಾಪ ಎಂದರು ಅವರು. ನೋವು ಎಷ್ಟಾಯಿತು ಎಂಬುದಲ್ಲ, ನಡತೆ ಬದಲಾಯಿತೇ ಎಂಬುದು ಮುಖ್ಯ. ಕಾರ್ಖಾನೆಗೆ ಅಂಥ ಅವಕಾಶ ದಿನವೂ ಬರುತ್ತದೆ.

ಇಂಟರ್‌ಫೇಸ್‌ನ ಬದಲಾವಣೆ ಕಸದ ಬುಟ್ಟಿಯಲ್ಲಿ ನಿಲ್ಲದೆ ವಿನ್ಯಾಸಕ್ಕೂ ತಲುಪಿತು. ವಿನ್ಯಾಸಕಾರ ಡೇವಿಡ್ ಓಕಿ ಕಾಡಿನ ನೆಲವನ್ನು ಗಮನಿಸಿದರು: ಎಲೆ, ಕಡ್ಡಿ, ಕಲ್ಲು ಒಂದರಂತೆ ಇನ್ನೊಂದಿಲ್ಲ, ಆದರೂ ಎಲ್ಲ ಹೊಂದಿಕೊಂಡಿವೆ. 2000ರಲ್ಲಿ ಬಂದ ‘ಎಂಟ್ರೊಪಿ’ ಕಾರ್ಪೆಟ್‌ನ ಚೌಕಗಳು ಹಾಗೆಯೇ ಬಣ್ಣದಲ್ಲಿ ತುಸು ಬೇರೆಬೇರೆ. ಯಾವ ದಿಕ್ಕಿಗಾದರೂ ಹಾಸಬಹುದು. ಬಣ್ಣ ಹೊಂದದೆ ಪಕ್ಕಕ್ಕಿಡುವ ಮಾಲು ಕಡಿಮೆ. ಒಂದು ಚೌಕ ಕೆಟ್ಟರೆ ಅದೊಂದನ್ನೇ ಬದಲಿಸಿದರೆ ಸಾಕು. ಹಳೆಯ ಕಾರ್ಪೆಟ್ ಹಿಂದಕ್ಕೆ ಪಡೆದು, ನೂಲನ್ನೂ ತಳಪದರವನ್ನೂ ಬೇರ್ಪಡಿಸಿ ಮರುಬಳಸುವ ಏರ್ಪಾಡೂ ಬಂತು. 2012ರಿಂದ ಫಿಲಿಪ್ಪೀನ್ಸ್‌ನ ಮೀನುಗಾರರ ಹಳೆಯ ಬಲೆಗಳನ್ನು ಕೊಂಡು ನೈಲಾನ್ ನೂಲಾಗಿಸುವ ಯೋಜನೆಯೂ ನಡೆಯಿತು.

ಆ್ಯಂಡರ್ಸನ್ 2011ರಲ್ಲಿ ತೀರಿಕೊಂಡರು. ಪರಿಸರಕ್ಕೆ ಮಾಡುವ ಹಾನಿಯನ್ನು ಸೊನ್ನೆಗಿಳಿಸಬೇಕೆಂದು ಅವರು ಹಾಕಿಕೊಟ್ಟ ಗುರಿ ಮುಟ್ಟಿದ್ದೇವೆ ಎಂದು ಕಂಪನಿ 2019ರಲ್ಲಿ ಘೋಷಿಸಿತು.

ಹಾಗೆಂದು ಮೊದಲ ಎರಡು ದಶಕ ಮಾರಿದ, ಗುಂಡಿ ಸೇರಿದ ಕಾರ್ಪೆಟ್ ಮರಳಿ ಬರುವುದಿಲ್ಲ. ಜಕ್ಕಾಯನ ಪರಿಹಾರ ಪಡೆಯಲು ಕಣ್ಣೆದುರಿನ ಮನುಷ್ಯರಿದ್ದರು; ಇಲ್ಲಿ ಪಡೆಯಬೇಕಾದವರಲ್ಲಿ ಹಲವರು ಇನ್ನೂ ಹುಟ್ಟಿಲ್ಲ. ಅವರ ಪರವಾಗಿ ಕೇಳಬೇಕಾದದ್ದು ಸಮಾಜ. ಒಬ್ಬ ಮಾಲೀಕನ ಮನಸ್ಸು ಕರಗುವವರೆಗೆ ಅದು ಕಾಯಬೇಕಿಲ್ಲ. ಕ್ಯಾಲಿಫೋರ್ನಿಯಾ 2010ರಲ್ಲಿ ಕಾರ್ಪೆಟ್ ಮರುಬಳಕೆಗೆಂದೇ ಕಾನೂನು ಮಾಡಿತು. ಶುಲ್ಕ ತೆರುವವರು ಗ್ರಾಹಕರಾದರೂ ಸಂಗ್ರಹ ಮತ್ತು ಮರುಬಳಕೆಯ ವ್ಯವಸ್ಥೆ ರೂಪಿಸುವ ಹೊಣೆ ತಯಾರಕರದು. ಎಂದೂ ಪಶ್ಚಾತ್ತಾಪಪಡದ ಕಂಪನಿಯೂ ಅಲ್ಲಿ ತಾನು ಮಾರಿದ ಕಾರ್ಪೆಟ್‌ನ ಕೊನೆಗೆ ಉತ್ತರ ಹೇಳಬೇಕು.